2147483647: ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಹಂತಹಂತವಾಗಿ ಬಿಚ್ಚಿ ನೋಡುವ ಕ್ರಮ

ಪ್ರೋಗ್ರಾಂ ಬರೆಯುವವರಿಗೆ 2147483647 ಹಳೆಯ ಪರಿಚಯ. 32 ಬಿಟ್‌ಗಳಲ್ಲಿ ಧನ, ಋಣ ಎರಡನ್ನೂ ಹಿಡಿದಿಡುವ ಪೂರ್ಣಾಂಕ ಮುಟ್ಟಬಹುದಾದ ಗರಿಷ್ಠ ಬೆಲೆ ಇದು. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಿರುವ ಹಳೆಯ 32 ಬಿಟ್ ಗಡಿಯಾರಗಳು 2038ರ ಜನವರಿ 19ರಂದು, ನಮ್ಮ ಕಾಲಮಾನದಂತೆ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಬಂದು ನಿಲ್ಲುವುದೂ ಇಲ್ಲಿಗೇ. ಇದು 2³¹ − 1. ದ್ವಿಮಾನದಲ್ಲಿ ಬರೆದರೆ ಸಾಲಾಗಿ 31 ಒಂದುಗಳು. ಜೊತೆಗೆ ಇದು ಅವಿಭಾಜ್ಯ. 1772ರಲ್ಲಿ ಲಿಯೊನಾರ್ಡ್ ಆಯ್ಲರ್ ಅದನ್ನು ಕೈಲೆಕ್ಕದಲ್ಲೇ ಸಾಧಿಸಿದ.

ಒಂದು ಅವಿಭಾಜ್ಯ ಸಂಖ್ಯೆಯ ಗುಣಗಳನ್ನು ಅರಿಯಬೇಕಾದರೆ ಆ ಸಂಖ್ಯೆಯನ್ನೇ ದಿಟ್ಟಿಸುತ್ತ ಕೂತರೆ ಏನೂ ಸಿಗದು, ಏಕೆಂದರೆ ಅದು ಒಡೆಯುವುದಿಲ್ಲ. ನೋಡಬೇಕಾದದ್ದು ಅದರ ಎಡಬಲದಲ್ಲಿರುವ ಎರಡು ಸಂಖ್ಯೆಗಳನ್ನು. ಮುಂದೆ 2147483647ನ್ನು ‘ಪ’ ಎಂದು ಕರೆಯೋಣ. ಕೆಳಗಿನ ಬಹುತೇಕ ಎಲ್ಲ ಹಂತಗಳೂ ಪ − 1 ಅಥವಾ ಪ + 1 ಹೇಗೆ ಒಡೆಯುತ್ತದೆ ಎಂಬುದರ ಮೇಲೆ ನಿಂತಿವೆ.

ಮೊದಲು ಸಲಕರಣೆ

ಪೈಥಾನ್ ಇದ್ದರೆ ಸಾಕು. ಅದರಲ್ಲಿ ಪೂರ್ಣಾಂಕಕ್ಕೆ ಅಳತೆಯ ಮಿತಿಯಿಲ್ಲ. ಘಾತದ ಶೇಷ ಬೇಕಾದಾಗ ‘ಪೌ’ ಫಂಕ್ಷನ್‌ಗೆ ಆಧಾರ, ಘಾತ, ಭಾಜಕ ಈ ಮೂರನ್ನೂ ಒಟ್ಟಿಗೆ ಕೊಡಿ. ಎರಡನ್ನೇ ಕೊಟ್ಟು ಆಮೇಲೆ ಶೇಷ ತೆಗೆಯಲು ಹೊರಟರೆ ಯಂತ್ರ ಮೊದಲು ಕೋಟಿಗಟ್ಟಲೆ ಅಂಕಿಗಳ ಸಂಖ್ಯೆಯನ್ನು ಕಟ್ಟಲು ಶುರುಮಾಡುತ್ತದೆ, ಕಂಪ್ಯೂಟರ್ ಹೆಪ್ಪುಗಟ್ಟುತ್ತದೆ.

ಸಿ ಅಥವಾ ಜಾವಾದಲ್ಲಿ ಮಾಡುವವರು ಗುಣಾಕಾರವನ್ನು ಕಡ್ಡಾಯವಾಗಿ 64 ಬಿಟ್‌ನಲ್ಲಿ ಮಾಡಿ. 31 ಬಿಟ್‌ಗಳ ಎರಡು ಸಂಖ್ಯೆಗಳ ಗುಣಲಬ್ಧ 62 ಬಿಟ್‌ಗಳೊಳಗೆ ಇರುವುದರಿಂದ ಜಾಗ ಸಾಲುತ್ತದೆ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು 2⁵³, ಅಂದರೆ 9007199254740992 ದಾಟಿದ ಮೇಲೆ ಕೊನೆಯ ಅಂಕಿಗಳನ್ನು ಸದ್ದಿಲ್ಲದೆ ನುಂಗುತ್ತವೆ. ಅಲ್ಲಿ ಬಿಗ್‌ಇಂಟ್ ಬಳಸಲೇಬೇಕು. ಎಕ್ಸೆಲ್ 15 ಅಂಕಿಗಳಷ್ಟನ್ನೇ ನಿಖರವಾಗಿ ಹಿಡಿಯುವುದರಿಂದ ಈ ಕೆಲಸಕ್ಕೆ ಬಾರದು. ಇಲ್ಲಿ ದೋಷ ಸಂದೇಶ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ. ಆದ್ದರಿಂದಲೇ ಮುಂದಿನ ಪ್ರತಿ ಹಂತದಲ್ಲೂ ನಿಮ್ಮ ಲೆಕ್ಕವನ್ನು ಹೋಲಿಸಿಕೊಳ್ಳಲು ಒಂದಾದರೂ ಬೆಲೆ ಕೊಟ್ಟಿದೆ.

ಹಂತ 1: ಭಾಜಕವಾಗಬಲ್ಲ ಸಂಖ್ಯೆಗಳನ್ನು ಸೋಸುವುದು

ಪ ದ ವರ್ಗಮೂಲ 46340ಕ್ಕಿಂತ ತುಸು ಹೆಚ್ಚು. ಶಾಲೆಯಲ್ಲಿ ಕಲಿತ ದಾರಿಯಲ್ಲಿ ಹೋದರೆ 46340ರವರೆಗಿನ ಸುಮಾರು 4,800 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. 1588ರಲ್ಲಿ ಇಟಲಿಯ ಪಿಯೆತ್ರೊ ಕತಾಲ್ದಿ 524287ನ್ನು, ಅಂದರೆ 2¹⁹ − 1ನ್ನು, ಸಾಧಿಸಿದ್ದು ಇದೇ ದಾರಿಯಲ್ಲಿ. ಆಯ್ಲರ್ ಹಾಗೆ ಮಾಡಲಿಲ್ಲ. ಭಾಗಿಸುವುದಕ್ಕೆ ಮುಂಚೆ ಸೋಸಿದ.

ಸೋಸುವ ತರ್ಕ ಹೀಗಿದೆ. ‘ಕ’ ಎಂಬ ಅವಿಭಾಜ್ಯ ಪ ವನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ 2³¹ನ್ನು ಕ ದಿಂದ ಭಾಗಿಸಿದರೆ ಶೇಷ 1. 31 ಸ್ವತಃ ಅವಿಭಾಜ್ಯವಾದ್ದರಿಂದ, 2ನ್ನು ಗುಣಿಸುತ್ತ ಹೋದಾಗ ಶೇಷ 1 ಮೊದಲ ಸಲ ಬರುವುದು 31ನೇ ಘಾತದಲ್ಲೇ. ಫೆರ್ಮಾ ಪ್ರಮೇಯದಂತೆ ಕ − 1ನೇ ಘಾತದಲ್ಲೂ ಶೇಷ 1 ಬರಲೇಬೇಕು. ಹಾಗಾಗಿ 31 ಎಂಬುದು ಕ − 1ನ್ನು ಭಾಗಿಸುತ್ತದೆ. ಕ ಬೆಸ ಸಂಖ್ಯೆಯಾದ್ದರಿಂದ 62 ಕೂಡ ಭಾಗಿಸುತ್ತದೆ. ಇನ್ನೊಂದು ಜರಡಿಯೂ ಇದೆ: 2³² ಕ್ಕೆ ಶೇಷ 2 ಬರುವುದರಿಂದ 2 ಎಂಬುದು 2¹⁶ ರ ವರ್ಗದಂತೆ ವರ್ತಿಸುತ್ತದೆ. 2 ಹೀಗೆ ವರ್ಗವಾಗಬೇಕಾದರೆ ಕ ವನ್ನು 8ರಿಂದ ಭಾಗಿಸಿದ ಶೇಷ 1 ಅಥವಾ 7 ಆಗಿರಬೇಕು. ಎರಡೂ ಜರಡಿ ಹಿಡಿದರೆ ಉಳಿಯುವುದು ಎರಡೇ ಸಾಲು: 248ರ ಗುಣಕಕ್ಕೆ 1 ಕೂಡಿಸಿದವು, 63 ಕೂಡಿಸಿದವು. 63ನ್ನೇ ಬಿಟ್ಟರೆ 46340ರೊಳಗೆ ಇಂಥವು ಒಟ್ಟು 372. ಇವುಗಳಲ್ಲೂ ಸಂಯುಕ್ತ ಸಂಖ್ಯೆಗಳನ್ನು ಮುಟ್ಟಬೇಕಿಲ್ಲ: 249 ಎಂದರೆ 3 × 83, 497 ಎಂದರೆ 7 × 71, 559 ಎಂದರೆ 13 × 43. ಪರೀಕ್ಷಿಸಬೇಕಾದ ಮೊದಲ ಮೂರು ಸಂಖ್ಯೆಗಳು 311, 1303, 1489.

ಪರೀಕ್ಷೆಗೆ ಹತ್ತಂಕಿಯ ಸಂಖ್ಯೆಯನ್ನು ಭಾಗಿಸುವುದೂ ಬೇಡ; 2ರ ಘಾತಗಳ ಶೇಷ ಸಾಕು. 311ಕ್ಕೆ ಮಾಡಿ ನೋಡಿ. 2⁸ = 256, ಅಂದರೆ −55. ಅದರ ವರ್ಗ 3025. ಶೇಷ 226, ಅಂದರೆ −85. ಆದ್ದರಿಂದ 2²⁴ = 55 × 85 = 4675, ಶೇಷ 10. ಅದನ್ನು 2⁷ ರಿಂದ, ಅಂದರೆ 128ರಿಂದ, ಗುಣಿಸಿದರೆ 1280; ಶೇಷ 36. ಇದು 1 ಆಗಿದ್ದರೆ 311 ಭಾಜಕವಾಗುತ್ತಿತ್ತು, ಆಗಲಿಲ್ಲ. ಋಣ ಶೇಷ ಬಳಸಿದ್ದನ್ನು ಗಮನಿಸಿ: ಶೇಷ ಅರ್ಧಕ್ಕಿಂತ ದೊಡ್ಡದಾದಾಗಲೆಲ್ಲ ಭಾಜಕವನ್ನು ಕಳೆದುಬಿಟ್ಟರೆ ಕೈಲೆಕ್ಕ ಅರ್ಧ ಹಗುರವಾಗುತ್ತದೆ. ಇದೇ ಕ್ರಮದಲ್ಲಿ ಸಾಲಿನ ಕೊನೆಯ ಸಂಖ್ಯೆಯವರೆಗೆ ಹೋಗಿ. ಎಲ್ಲೂ ಶೇಷ 1 ಬಾರದು.

ಹಂತ 2: ಆಧಾರ 2ರ ಪರೀಕ್ಷೆಯನ್ನು ಬದಿಗಿಡಿ

ಫೆರ್ಮಾ ಪರೀಕ್ಷೆಯನ್ನು, ಅಂದರೆ ಒಂದು ಆಧಾರವನ್ನು ಸಂಖ್ಯೆಗಿಂತ 1 ಕಡಿಮೆಯ ಘಾತಕ್ಕೆ ಏರಿಸಿ ಶೇಷ 1 ಬರುತ್ತದೆಯೇ ಎಂದು ನೋಡುವುದನ್ನು, ಆಧಾರ 2ರಿಂದ ಶುರುಮಾಡುವುದು ರೂಢಿ. 2ರ ಘಾತಕ್ಕಿಂತ 1 ಕಡಿಮೆಯಿರುವ ಸಂಖ್ಯೆಗಳಿಗೆ, ಅಂದರೆ ಮರ್ಸೆನ್ ಸಂಖ್ಯೆಗಳಿಗೆ, ಇದು ಸಂಪೂರ್ಣ ನಿರುಪಯೋಗಿ. 2¹¹ − 1 = 2047ನ್ನು ತೆಗೆದುಕೊಳ್ಳಿ. ಅದು 23 × 89, ಅವಿಭಾಜ್ಯವಲ್ಲ. ಆದರೂ 2¹¹ ಕ್ಕೆ ಶೇಷ 1. 2046 ಎಂಬುದು 11ರ 186 ಪಟ್ಟು. ಹಾಗಾಗಿ 2ರ 2046ನೇ ಘಾತಕ್ಕೂ ಶೇಷ 1 ಬಂದು ಪರೀಕ್ಷೆ ‘ಪಾಸ್’ ಎನ್ನುತ್ತದೆ. ಇನ್ನೂ ಬಿಗಿಯಾದ ಮಿಲ್ಲರ್–ರಾಬಿನ್ ಪರೀಕ್ಷೆಯನ್ನೂ ಆಧಾರ 2ರಲ್ಲಿ ಅದು ದಾಟುತ್ತದೆ. ಹಾಗೆ ದಾಟುವ ಅತಿ ಚಿಕ್ಕ ಸಂಯುಕ್ತ ಸಂಖ್ಯೆಯೇ 2047. ಘಾತಾಂಕ ಅವಿಭಾಜ್ಯವಾಗಿರುವ ಯಾವ ಮರ್ಸೆನ್ ಸಂಖ್ಯೆಯನ್ನು ಕೊಟ್ಟರೂ ಇದೇ ಕಥೆ.

ಮಿಲ್ಲರ್–ರಾಬಿನ್ ಬಳಸುವುದೇ ಆದರೆ 2, 7, 61 ಈ ಮೂರೂ ಆಧಾರಗಳನ್ನು ಒಟ್ಟಿಗೆ ಬಳಸಿ. 4759123141ಕ್ಕಿಂತ ಚಿಕ್ಕದಾದ ಯಾವುದೇ ಸಂಖ್ಯೆಗೆ ಈ ಮೂರು ಸೇರಿ ಖಚಿತ ಉತ್ತರ ಕೊಡುತ್ತವೆ, ಪ ಅದರೊಳಗೇ ಇದೆ. 2002ರಲ್ಲಿ ಕಾನ್ಪುರದ ಐಐಟಿಯಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟ ಅವಿಭಾಜ್ಯತೆಯ ಪರೀಕ್ಷಾ ವಿಧಾನವನ್ನು ಇಲ್ಲಿ ತರಬೇಕಿಲ್ಲ. ಸಿದ್ಧಾಂತದಲ್ಲಿ ಅದು ದೊಡ್ಡ ಹೆಜ್ಜೆ, ನಿಜ. ಲೆಕ್ಕ ಹಾಕುವಾಗ ಮಾತ್ರ ಬೇರೆ ದಾರಿಗಳೇ ಬೇಗ ಮುಗಿಯುತ್ತವೆ.

ಹಂತ 3: ಲ್ಯೂಕಾ–ಲೆಹ್ಮರ್ ಪರೀಕ್ಷೆ

ಪ + 1 = 2³¹. ಇದಕ್ಕಿಂತ ಸಲೀಸಾಗಿ ಒಡೆಯುವ ಸಂಖ್ಯೆ ಇರಲಾರದು. ಆ ಸಲೀಸಿನ ಲಾಭ ಪಡೆಯುವ ಪರೀಕ್ಷೆಯನ್ನು 1870ರ ದಶಕದಲ್ಲಿ ಫ್ರಾನ್ಸಿನ ಎದ್ವಾರ್ ಲ್ಯೂಕಾ ರೂಪಿಸಿದ. 1930ರಲ್ಲಿ ಅಮೆರಿಕದ ಡೆರಿಕ್ ಹೆನ್ರಿ ಲೆಹ್ಮರ್ ಅದಕ್ಕೆ ಇಂದಿನ ರೂಪ ಕೊಟ್ಟರು. ವಿಧಾನ ಒಂದೇ ಸಾಲಿನದು: 4ರಿಂದ ಆರಂಭಿಸಿ; ವರ್ಗ ಮಾಡಿ, 2 ಕಳೆಯಿರಿ, ಪ ದಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ; ಹೀಗೆ 31 − 2 = 29 ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. ‘ಬಹುಶಃ’ ಎಂಬ ಮಾತೇ ಇಲ್ಲ.

ಮೊದಲು ಚಿಕ್ಕದರಲ್ಲಿ ಕೈ ಪಳಗಿಸಿಕೊಳ್ಳಿ. 127ಕ್ಕೆ ಸರಣಿ 4, 14, 67, 42, 111, 0 ಎಂದು ಬರಬೇಕು. 2047ಕ್ಕೆ 4, 14, 194, 788, 701, 119, 1877, 240, 282, 1736 ಎಂದು ಬಂದು ಸೊನ್ನೆಯಾಗದೆ ನಿಲ್ಲಬೇಕು. ಎರಡೂ ಸರಿಬಂದ ಮೇಲೆ ಪ ಕ್ಕೆ ಕೈಹಾಕಿ.

ಇಲ್ಲಿ ಭಾಗಾಕಾರವನ್ನೇ ತಪ್ಪಿಸುವ ಉಪಾಯವಿದೆ. ಪ ದ ಲೆಕ್ಕದಲ್ಲಿ, ಅಂದರೆ ಪ ದಿಂದ ಭಾಗಿಸಿದ ಶೇಷವನ್ನಷ್ಟೇ ನೋಡುವ ಲೆಕ್ಕದಲ್ಲಿ, 2³¹ ಎಂದರೆ 1. ಹಾಗಾಗಿ ದೊಡ್ಡ ಸಂಖ್ಯೆಯನ್ನು ದ್ವಿಮಾನದಲ್ಲಿ ಬಲಗಡೆಯಿಂದ 31 ಬಿಟ್‌ಗಳಿಗೆ ಕತ್ತರಿಸಿ, ಮೇಲಿನ ತುಂಡನ್ನೂ ಕೆಳಗಿನ ತುಂಡನ್ನೂ ಕೂಡಿಸಿದರೆ ಅದೇ ಶೇಷ. ಮೊದಲ ನಾಲ್ಕು ಹೆಜ್ಜೆಯಲ್ಲಿ 14, 194, 37634, 1416317954 ಬರುತ್ತವೆ. ಇಲ್ಲಿಯವರೆಗೆ ಕತ್ತರಿಸುವ ಪ್ರಮೇಯವೇ ಬಾರದು. ಐದನೆಯದಕ್ಕೆ 1416317954ರ ಬದಲು ಪ ದಿಂದ ಅದನ್ನು ಕಳೆದ 731165693ನ್ನು ವರ್ಗ ಮಾಡಿ, ಶೇಷ ಒಂದೇ. ವರ್ಗದಿಂದ 2 ಕಳೆದರೆ 534603270620170247. ಇದರ ಮೇಲಿನ ತುಂಡು 248944047, ಕೆಳಗಿನದು 420726791, ಮೊತ್ತ 669670838. ಅದೇ ಐದನೆಯ ಬೆಲೆ. ಮುಂದೆ 1937259419, 425413602, 842014276, 12692426 ಎಂದು ಸಾಗುತ್ತದೆ. 27ನೆಯ ಬೆಲೆ 1181536708, 28ನೆಯದು 65536.

ಪ್ರೋಗ್ರಾಂಗಳು ಮುಗ್ಗರಿಸುವುದು ಕೊನೆಯ ಹೆಜ್ಜೆಯಲ್ಲಿ. 65536ರ ವರ್ಗದಿಂದ 2 ಕಳೆದರೆ 4294967294. ಕತ್ತರಿಸಿದರೆ ಮೇಲಿನ ತುಂಡು 1, ಕೆಳಗಿನದು 2147483646. ಕೂಡಿಸಿದರೆ ಸೊನ್ನೆ ಬರುವುದಿಲ್ಲ, 2147483647 ಬರುತ್ತದೆ! ಪ ದ ಲೆಕ್ಕದಲ್ಲಿ ಪ ಎಂದರೂ ಸೊನ್ನೆ ಎಂದರೂ ಒಂದೇ, ಆದರೆ ಯಂತ್ರಕ್ಕೆ ಅದು ತಿಳಿಯದು. ಮೊತ್ತ ಪ ಕ್ಕೆ ಸಮನಾದರೆ ಅಥವಾ ಅದನ್ನು ಮೀರಿದರೆ ಪ ವನ್ನು ಕಳೆಯುವ ಸಾಲು ಇಲ್ಲದಿದ್ದರೆ, 29 ಹೆಜ್ಜೆಯೂ ಸರಿಯಾಗಿ ನಡೆದ ಪ್ರೋಗ್ರಾಂ ‘ಇದು ಅವಿಭಾಜ್ಯವಲ್ಲ’ ಎಂದು ಹೇಳಿ ಮುಗಿಸುತ್ತದೆ. ‘ಮೀರಿದರೆ ಮಾತ್ರ’ ಎಂದು ಬರೆದರೂ ಇದೇ ಗತಿ. ‘ಸಮನಾದರೆ’ ಎಂಬುದು ಸೇರಿರಲೇಬೇಕು.

ಹಂತ 4: ಪ − 1ನ್ನು ಒಡೆದು ಪ್ರಿಮಿಟಿವ್ ರೂಟ್ ಹುಡುಕುವುದು

ಪ − 1 = 2 × 3² × 7 × 11 × 31 × 151 × 331. ಗುಣಿಸಿ ನೋಡಿ, 2147483646 ಬರಬೇಕು.

ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತ ಹೋದಾಗ ಪ ದಿಂದ ಭಾಗಿಸಿದ ಶೇಷ ಮೊದಲ ಸಲ 1 ಆಗುವ ಘಾತಕ್ಕೆ ಅದರ ಆರ್ಡರ್ ಎನ್ನುತ್ತಾರೆ. ಆರ್ಡರ್ ಯಾವಾಗಲೂ ಪ − 1ನ್ನು ಭಾಗಿಸುತ್ತದೆ. 2ರ ಆರ್ಡರ್ ಬರೀ 31. ಆರ್ಡರ್ ಪೂರ್ತಿ ಪ − 1 ಆಗಿದ್ದರೆ ಆ ಸಂಖ್ಯೆ ಪ್ರಿಮಿಟಿವ್ ರೂಟ್. ಅದರ ಘಾತಗಳು 1ರಿಂದ ಪ − 1ರವರೆಗಿನ ಪ್ರತಿ ಸಂಖ್ಯೆಯನ್ನೂ ಒಮ್ಮೆ ಮುಟ್ಟಿ ಬರುತ್ತವೆ.

ಪರೀಕ್ಷಿಸಲು 214 ಕೋಟಿ ಘಾತ ನೋಡಬೇಕಾಗಿಲ್ಲ, ಏಳು ಸಾಕು. ಪ − 1ನ್ನು 2, 3, 7, 11, 31, 151, 331 ಇವುಗಳಿಂದ ಬೇರೆಬೇರೆಯಾಗಿ ಭಾಗಿಸಿ. ಕ್ರಮವಾಗಿ 1073741823, 715827882, 306783378, 195225786, 69273666, 14221746, 6487866 ಸಿಗುತ್ತವೆ. ಪರೀಕ್ಷಿಸುವ ಸಂಖ್ಯೆಯನ್ನು ಈ ಏಳು ಘಾತಗಳಿಗೆ ಏರಿಸಿದಾಗ ಒಂದರಲ್ಲೂ ಶೇಷ 1 ಬರಬಾರದು. 3ಕ್ಕೂ 5ಕ್ಕೂ ಮೊದಲ ಘಾತದಲ್ಲಿ ಏನೂ ತೊಂದರೆಯಿಲ್ಲ, ಉಳಿದ ಆರರಲ್ಲಿ ಎಲ್ಲೋ ಎಡವುತ್ತವೆ. ಎಲ್ಲಿ ಎಂದು ಹುಡುಕುವುದು ಒಳ್ಳೆಯ ಅಭ್ಯಾಸ. ಏಳನ್ನೂ ದಾಟುವ ಅತಿ ಚಿಕ್ಕ ಸಂಖ್ಯೆ 7. ಒಟ್ಟು ಪ್ರಿಮಿಟಿವ್ ರೂಟ್‌ಗಳು 1 × 6 × 6 × 10 × 30 × 150 × 330 = 53,46,00,000; ಹೆಚ್ಚುಕಡಿಮೆ ನಾಲ್ಕಕ್ಕೊಂದು. ಹಾಗಾಗಿ ಕಣ್ಣುಮುಚ್ಚಿ ಆರಿಸಿದರೂ ಹುಡುಕಾಟ ಉದ್ದವಾಗದು.

ಈ ಲೆಕ್ಕವೇ ಅವಿಭಾಜ್ಯತೆಯ ಇನ್ನೊಂದು ಸಾಕ್ಷಿ. 7ರ ಪ − 1ನೇ ಘಾತಕ್ಕೆ ಶೇಷ 1 ಬಂದು, ಆ ಏಳು ಘಾತಗಳಲ್ಲಿ ಎಲ್ಲೂ 1 ಬಾರದಿದ್ದರೆ, ಪ ಅವಿಭಾಜ್ಯವಾಗದೆ ಬೇರೆ ದಾರಿಯಿಲ್ಲ. ಆದರೆ ಪ − 1ರ ಅಪವರ್ತನಗಳಲ್ಲಿ ಒಂದನ್ನು ಬಿಟ್ಟರೂ ಸಾಕ್ಷಿ ಬಿದ್ದುಹೋಗುತ್ತದೆ.

ಹಂತ 5: ಯಾವುದು ವರ್ಗ, ವರ್ಗಮೂಲ ಎಷ್ಟು

ಪ ವನ್ನು 4ರಿಂದ ಭಾಗಿಸಿದರೆ ಶೇಷ 3. ಯಾವ ವರ್ಗಕ್ಕಾದರೂ 4ರಿಂದ ಬರುವ ಶೇಷ 0 ಅಥವಾ 1. ಎರಡನ್ನು ಕೂಡಿಸಿದರೆ 3 ಆಗದು. ಹಾಗಾಗಿ ಪ ವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಿಲ್ಲ.

ಒಂದು ಸಂಖ್ಯೆ ಪ ದ ಲೆಕ್ಕದಲ್ಲಿ ವರ್ಗವೋ ಅಲ್ಲವೋ ತಿಳಿಯಲು ಅದನ್ನು 1073741823ನೇ ಘಾತಕ್ಕೆ ಏರಿಸಿ. 1 ಬಂದರೆ ಹೌದು, ಪ − 1 ಬಂದರೆ ಅಲ್ಲ. 2 ವರ್ಗ, 3, 5, 7 ವರ್ಗಗಳಲ್ಲ.

ವರ್ಗಮೂಲ ತೆಗೆಯುವುದರಲ್ಲಿ ಈ ಸಂಖ್ಯೆಯಷ್ಟು ಉದಾರಿ ಇನ್ನೊಂದು ಸಿಗುವುದು ಕಷ್ಟ. 4ರಿಂದ ಭಾಗಿಸಿದಾಗ ಶೇಷ 3 ಬರುವ ಅವಿಭಾಜ್ಯಗಳಲ್ಲಿ ವರ್ಗಮೂಲವೆಂದರೆ ಪ + 1ರ ಕಾಲುಭಾಗದಷ್ಟು ಘಾತ. ಇಲ್ಲಿ ಆ ಕಾಲುಭಾಗ 2²⁹. ಅಂದರೆ ಸಂಖ್ಯೆಯನ್ನು 29 ಸಲ ಸುಮ್ಮನೆ ವರ್ಗ ಮಾಡುತ್ತ ಹೋದರೆ ಅದರ ವರ್ಗಮೂಲ ಕೈಗೆ ಬರುತ್ತದೆ! 2ರಿಂದ ಶುರುಮಾಡಿದರೆ 65536 ಸಿಗುತ್ತದೆ. ಇನ್ನೊಂದು ಮೂಲ 2147418111. ಹಂತ 3ರ ಕೊನೆಗಿಂತ ಒಂದು ಹೆಜ್ಜೆ ಹಿಂದೆ 65536 ಕಂಡದ್ದಕ್ಕೂ ಇದೇ ಕಾರಣ: 2 ಕಳೆದಾಗ ಸೊನ್ನೆಯಾಗಬೇಕಾದರೆ ಅದಕ್ಕೆ ಮುಂಚಿನದು 2ರ ವರ್ಗಮೂಲವೇ ಆಗಿರಬೇಕು.

ಎಚ್ಚರಿಕೆಯೊಂದಿದೆ. ವರ್ಗವಲ್ಲದ ಸಂಖ್ಯೆ ಕೊಟ್ಟರೂ ಈ ಲೆಕ್ಕ ಏನೋ ಒಂದು ಉತ್ತರ ಕೊಟ್ಟೇ ಕೊಡುತ್ತದೆ. 3ನ್ನು ಕೊಟ್ಟು ಬಂದದ್ದನ್ನು ವರ್ಗ ಮಾಡಿದರೆ 3ರ ಬದಲು −3, ಅಂದರೆ 2147483644 ಕಾಣಿಸುತ್ತದೆ. ಉತ್ತರವನ್ನು ಒಮ್ಮೆ ವರ್ಗ ಮಾಡಿ ತಾಳೆ ನೋಡದೆ ಬಳಸಬೇಡಿ.

ಹಂತ 6: ನೆರೆಹೊರೆ

ಇಲ್ಲಿ ಬೇಗ ಮುಗಿಯುತ್ತದೆ. 2147483645ರ ಕೊನೆಗೆ 5 ಇದೆ, 2147483649ನ್ನು 3 ಭಾಗಿಸುತ್ತದೆ; ಆದ್ದರಿಂದ ಪ ಕ್ಕೆ ಅವಳಿ, ಅಂದರೆ 2ರ ಅಂತರದಲ್ಲಿರುವ ಅವಿಭಾಜ್ಯ, ಇಲ್ಲ. ಹಿಂದಿನ ಅವಿಭಾಜ್ಯ 2147483629, ಮುಂದಿನದು 2147483659. ಪ ದ ಎರಡರಷ್ಟಕ್ಕೆ 1 ಕೂಡಿಸಿದರೆ 4294967295. ಅದು 3 × 5 × 17 × 257 × 65537, ಹಾಗಾಗಿ ಪ ಸೋಫಿ ಜರ್ಮೇನ್ ಅವಿಭಾಜ್ಯವಲ್ಲ (ಎರಡರಷ್ಟಕ್ಕೆ 1 ಕೂಡಿಸಿದಾಗಲೂ ಅವಿಭಾಜ್ಯವೇ ಬರುವ ಅವಿಭಾಜ್ಯಕ್ಕೆ ಆ ಹೆಸರು). 10 ಪ ದ ಲೆಕ್ಕದಲ್ಲಿ ವರ್ಗವಲ್ಲದ ಕಾರಣ 1ನ್ನು ಪ ದಿಂದ ಭಾಗಿಸಿದಾಗ ಬರುವ ಆವರ್ತ ದಶಮಾಂಶದ ಉದ್ದ ಸಮಸಂಖ್ಯೆ. ಅದನ್ನು ನಡುವೆ ಕತ್ತರಿಸಿ ಎರಡು ತುಂಡನ್ನೂ ಕೂಡಿಸಿದರೆ ಬರೀ 9ಗಳು ಬರುತ್ತವೆ, 1/7ರಲ್ಲಿ 142 + 857 = 999 ಆದಂತೆ.

ಪ ವನ್ನು 2³⁰ ರಿಂದ ಗುಣಿಸಿದರೆ 2305843008139952128, ಎಂಟನೆಯ ಪರಿಪೂರ್ಣ ಸಂಖ್ಯೆ, ಅಂದರೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆ. ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಬಹುಶಃ ಯಾರೂ ಹುಡುಕಲಾರರು, ಉಪಯೋಗವಿಲ್ಲದ್ದಕ್ಕೆ ಯಾರು ಕೈಹಾಕುತ್ತಾರೆ ಎಂದು 1811ರಲ್ಲಿ ಪೀಟರ್ ಬಾರ್ಲೊ ಬರೆದ. 1876ರಲ್ಲೇ ಲ್ಯೂಕಾ 2¹²⁷ − 1 ಅವಿಭಾಜ್ಯವೆಂದು ತೋರಿಸಿದ. 2024ರ ಅಕ್ಟೋಬರ್‌ನಲ್ಲಿ ಸಿಕ್ಕ ಮರ್ಸೆನ್ ಅವಿಭಾಜ್ಯದಲ್ಲಿ 2ರ ಘಾತಾಂಕ 136279841. ಅದರಲ್ಲಿರುವ ಅಂಕಿಗಳೇ 4,10,24,320.

ಹಂತ 7: ಕೆಲಸಕ್ಕೆ ಹಚ್ಚುವುದು

ಪ್ರಿಮಿಟಿವ್ ರೂಟ್ ಗೊತ್ತಾದರೆ ರ್‍ಯಾಂಡಮ್ ಸಂಖ್ಯೆಗಳ ಯಂತ್ರ ಸಿದ್ಧವಾದಂತೆ. 7⁵ = 16807. 5 ಎಂಬುದು ಪ − 1ನ್ನು ಭಾಗಿಸದ ಕಾರಣ 16807 ಕೂಡ ಪ್ರಿಮಿಟಿವ್ ರೂಟ್. ಕೈಲಿರುವ ಸಂಖ್ಯೆಯನ್ನು 16807ರಿಂದ ಗುಣಿಸಿ, ಪ ದಿಂದ ಭಾಗಿಸಿ ಶೇಷ ತೆಗೆದರೆ ಮುಂದಿನ ಸಂಖ್ಯೆ. 1ರಿಂದ ಶುರುಮಾಡಿದರೆ 16807, 282475249, 1622650073, 984943658, 1144108930 ಎಂದು ಹೊರಡುತ್ತದೆ. ಐಬಿಎಂ 360 ಯಂತ್ರಗಳಿಗಾಗಿ 1969ರಲ್ಲಿ ಪ್ರಕಟವಾದ ಈ ಗುಣಕವನ್ನೇ 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಕನಿಷ್ಠ ಮಾನದಂಡವೆಂದು ಸೂಚಿಸಿದರು. ಅವರು ಕೊಟ್ಟ ತಾಳೆ ಸಂಖ್ಯೆ ಇಂದಿಗೂ ಉಪಯುಕ್ತ: 1ರಿಂದ ಹೊರಟು 10,000 ಹೆಜ್ಜೆ ಹಾಕಿದಾಗ 1043618065 ಬರಬೇಕು.

64 ಬಿಟ್ ಇಲ್ಲದ ಚಿಕ್ಕ ಮೈಕ್ರೋಕಂಟ್ರೋಲರ್‌ಗಳಲ್ಲಿ ಶ್ರಾಗೆ ವಿಧಾನ ನೆರವಾಗುತ್ತದೆ. ಪ = 16807 × 127773 + 2836. ಸಂಖ್ಯೆಯನ್ನು 127773ರಿಂದ ಭಾಗಿಸಿ. ಶೇಷವನ್ನು 16807ರಿಂದ, ಭಾಗಲಬ್ಧವನ್ನು 2836ರಿಂದ ಗುಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ; ಋಣ ಬಂದರೆ ಪ ಕೂಡಿಸಿ. 282475249ಕ್ಕೆ ಭಾಗಲಬ್ಧ 2210, ಶೇಷ 96919. 1628917633 − 6267560 = 1622650073. ಎಲ್ಲೂ 32 ಬಿಟ್ ದಾಟಲಿಲ್ಲ. ಬೀಜಸಂಖ್ಯೆ, ಅಂದರೆ ಶುರುಮಾಡುವ ಸಂಖ್ಯೆ, ಸೊನ್ನೆ ಆಗದಂತೆ ನೋಡಿಕೊಳ್ಳಿ; ಸೊನ್ನೆಯಾದರೆ ಸರಣಿ ಮುಂದೆಂದೂ ಅದರಿಂದ ಹೊರಬರದು. ಬೀಜವನ್ನು ಬಳಕೆದಾರರಿಂದ ಪಡೆಯುವಾಗ ಪ ದ ಗುಣಕಗಳೂ ಸೊನ್ನೆಯೇ ಎಂಬುದನ್ನು ಮರೆಯಬೇಡಿ.

ಗೂಢಲಿಪಿಗೆ ಮಾತ್ರ ಈ ಸಂಖ್ಯೆ ಬೇಡ. ಚಿಕ್ಕದು ಎಂಬುದಷ್ಟೇ ಕಾರಣವಲ್ಲ. 7ರ ಯಾವ ಘಾತಕ್ಕೆ ಈ ಶೇಷ ಬಂತು ಎಂದು ಹುಡುಕುವುದು ಕಷ್ಟವಾಗಿರಬೇಕೆಂಬುದೇ ಆ ವಿಧಾನಗಳ ಜೀವಾಳ. ಪ − 1ರ ಅತಿ ದೊಡ್ಡ ಅವಿಭಾಜ್ಯ ಅಪವರ್ತನ ಬರೀ 331. ಪೋಲಿಗ್–ಹೆಲ್‌ಮನ್ ವಿಧಾನದಲ್ಲಿ ಪ್ರಶ್ನೆಯನ್ನು ಏಳು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಹೆಚ್ಚೆಂದರೆ 331 ಸಾಧ್ಯತೆ ನೋಡಿ, ಕೊನೆಗೆ ಒಟ್ಟುಗೂಡಿಸಿದರೆ ಉತ್ತರ ಸಿಕ್ಕಿಬಿಡುತ್ತದೆ. ಇದೇ ಕಾರಣಕ್ಕೆ ಆ ಕೆಲಸಕ್ಕೆ 1 ಕಳೆದು ಅರ್ಧ ಮಾಡಿದರೂ ಅವಿಭಾಜ್ಯವೇ ಸಿಗುವಂಥ ಅವಿಭಾಜ್ಯಗಳನ್ನು ಆರಿಸುತ್ತಾರೆ.

ಇನ್ನೂ ಒಂದು ಮೆಟ್ಟಿಲು ಹತ್ತುವವರಿಗೆ

3, 7, 31, 127 ಇವು ಮರ್ಸೆನ್ ಅವಿಭಾಜ್ಯಗಳು. 2ರ ಮೇಲೆ ಇವನ್ನೇ ಘಾತವಾಗಿಟ್ಟು 1 ಕಳೆದರೂ ಅವಿಭಾಜ್ಯವೇ ಬರುತ್ತದೆ. ಹಾಗಾದರೆ 2ರ ಮೇಲೆ ಪ ವನ್ನೇ ಘಾತವಾಗಿಟ್ಟು 1 ಕಳೆದರೆ? 64 ಕೋಟಿಗೂ ಹೆಚ್ಚು ಅಂಕಿಗಳ ಆ ಸಂಖ್ಯೆ ಅವಿಭಾಜ್ಯವಲ್ಲ. 1983ರಲ್ಲಿ ಸಿಕ್ಕ ಅದರ ಭಾಜಕ 295257526626031. ಹಂತ 1ರ ಜರಡಿಯಂತೆ ಯಾವ ಭಾಜಕವಾದರೂ ಪ ದ ಎರಡರಷ್ಟರ ಗುಣಕಕ್ಕೆ 1 ಕೂಡಿಸಿದ್ದಾಗಿರಬೇಕು. ಇಲ್ಲಿ ಆ ಗುಣಕ 68745. ತಾಳೆ ನೋಡಲು ಪೌ ಫಂಕ್ಷನ್‌ಗೆ ಆಧಾರ 2, ಘಾತ 2147483647, ಭಾಜಕ 295257526626031 ಕೊಡಿ. ಇಲ್ಲಿ ಭಾಜಕವೇ 49 ಬಿಟ್ ಇರುವುದರಿಂದ ನಡುವಿನ ವರ್ಗಗಳು 64 ಬಿಟ್‌ಗೆ ಹಿಡಿಸವು. ಸಿ ಭಾಷೆಯಲ್ಲಿ ಮಾಡುವವರಿಗೆ 128 ಬಿಟ್ ಬೇಕು. ಉತ್ತರ 1 ಬರಬೇಕು.